ಬೇಲಿಯ ಆಚೆಯದಕ್ಕೆ ಒಂದು ಬಿಲ್ಲು

ಜುಲೈ 8, ಮಂಗಳವಾರ

ನಿದ್ದೆ: ಎರಡೂಕಾಲು ಗಂಟೆ.

ಎಷ್ಟು ಹೊತ್ತು ಮಲಗುತ್ತೀರಿ ಎಂದು ದಿನಾ ಬರೆದಿಡಿ ಅಂದಿದ್ದಾರೆ ಕ್ಲಿನಿಕ್ಕಿನ ಡಾಕ್ಟರು. ಬರೀ ಅಂಕಿ ಬರೆದರೆ ಆಸ್ಪತ್ರೆಯ ಚಾರ್ಟಿನಂತೆ ಕಾಣುತ್ತದೆ. ಜೊತೆಗೆ ನಾಲ್ಕು ಸಾಲು ನನಗೋಸ್ಕರ.

ಪಕ್ಕದ ಮನೆಯ ಸಿಲ್ವಿಯಾ ಆಂಟಿಯ ನಾಯಿ ಬ್ರೂನೋ ಕಾಣೆಯಾಗಿ ಇವತ್ತಿಗೆ ಐದು ದಿನ. ನಮ್ಮ ಎರಡು ಮನೆಗಳ ನಡುವೆ ಗೋಡೆ ಇಲ್ಲ, ಆಳೆತ್ತರದ ಮುಳ್ಳುಬೇಲಿ ಇದೆ. ಅದರ ಬುಡದಲ್ಲಿ ಬ್ರೂನೋ ತಾನು ಓಡಾಡಲು ಮಾಡಿಕೊಂಡ ಕಿಂಡಿ. ದೊಡ್ಡ ನಾಯಿ, ಕಿಂಡಿಯೂ ದೊಡ್ಡದೇ. ಆಂಟಿಯ ಅಂಗಳ ದಾಟಿದರೆ ಒಂದಷ್ಟು ಕುರುಚಲು, ಆಮೇಲೆ ನ್ಯಾಷನಲ್ ಪಾರ್ಕಿನ ತಂತಿ. ಪಾರ್ಕಿನ ಗಾರ್ಡ್ ಒಬ್ಬ ಬಂದು ಹುಲ್ಲು ಒತ್ತರಿಸಿ ನೋಡಿ, ಚಿರತೆ ಇರಬಹುದು, ಕತ್ತೆಕಿರುಬ ಇರಬಹುದು, ಕಳ್ಳ ಇರಬಹುದು ಎಂದು ಹೇಳಿ, ಚಹಾ ಕುಡಿದು ಹೋದ.

"ಎಂತದು ಮಾರಾಯ್ತಿ, ಮೂರರಲ್ಲಿ ಒಂದು ಟಿಕ್ ಮಾಡ್ಲಿಕ್ಕೆ ಇದೇನು ಪರೀಕ್ಷೆಯಾ?" ಎಂದರು ಆಂಟಿ. ಮಂಗಳೂರಿನವರು, ಮೂವತ್ತು ವರ್ಷ ಇಲ್ಲಿ ಟೀಚರಾಗಿದ್ದವರು. ನಗುತ್ತಲೇ ಇದ್ದರು. ಕೈಯಲ್ಲಿ ಮಾತ್ರ ಬ್ರೂನೋನ ಚೈನು.

ಅಷ್ಟು ಹೊತ್ತೂ ಕೋಕಿಲಾ ನನ್ನ ಭುಜದ ಮೇಲಿಂದ ಆ ಕಿಂಡಿಯನ್ನೇ ನೋಡುತ್ತಿದ್ದಳು. ನಾಲ್ಕು ತಿಂಗಳ ಕೂಸು. ಆಮೇಲೆ ನಕ್ಕಳು. ಇಷ್ಟು ಬಾಯಿ ತೆರೆದು ನಕ್ಕದ್ದು ಅದೇ ಮೊದಲು. ಯಾರಿಗೆ ಎಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಜುಲೈ 11

ನಿದ್ದೆ: ಒಂದೂವರೆ.

ನೈರೋಬಿಯ ಜುಲೈ ಎಂದರೆ ಮುಸುಕು ಹೊದ್ದ ತಿಂಗಳು. ಮಳೆಯಿಲ್ಲ, ಬಿಸಿಲಿಲ್ಲ, ಬೆಳಗ್ಗೆಯಿಂದ ಸಂಜೆಯ ತನಕ ಒಂದೇ ಬೂದು ಬೆಳಕು. ಗಂಟೆ ಎಷ್ಟೆಂದು ಆಕಾಶ ನೋಡಿ ಹೇಳಲಾಗುವುದಿಲ್ಲ.

ಮಧ್ಯಾಹ್ನ ಹಕ್ಕಿಗಳೆಲ್ಲ ಒಟ್ಟಿಗೆ ಸುಮ್ಮನಾದವು. ದಿನವಿಡೀ ಕಿರುಚುವ ಹದಾದಾ ಕೊಕ್ಕರೆಗಳೂ. ಬೇಲಿಯ ಎಲೆಗಳಲ್ಲಿ ಒಂದು ಕಡೆ ಮಾತ್ರ ಅಲುಗಾಟ. ಗಾಳಿಯಾದರೆ ಎಲ್ಲ ಕಡೆ ಅಲುಗಬೇಕಿತ್ತು.

ಮ್ವೆಂಡೆಯನ್ನು ಕೇಳಿದೆ. ಕೋಕಿಯನ್ನು ನೋಡಿಕೊಳ್ಳುವವಳು ಅವಳೇ. ಕೆಂಪು ಹಳದಿ ಕಾಂಗಾ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡರೆ ಸಾಕು, ಮಗು ನಿದ್ದೆ ಹೋಗುತ್ತದೆ. ನನ್ನ ತೋಳಲ್ಲಿ ಹೋಗುವುದಿಲ್ಲ.

"ಬೆಕ್ಕಿರಬೇಕು, ಮಾಮಾ ಕೋಕಿ," ಎಂದಳು. ಇಲ್ಲಿ ತಾಯಂದಿರನ್ನು ಕರೆಯುವುದು ಮಗುವಿನ ಹೆಸರಿನಿಂದ. ಮೊದಮೊದಲು ಆ ಹೆಸರು ಕೇಳಿದರೆ ಕಣ್ಣು ತುಂಬುತ್ತಿತ್ತು.

ಜುಲೈ 19, ಶನಿವಾರ

ನಿದ್ದೆ: ಎರಡು.

ಆಶಿಷ್ ಬಂದಿದ್ದಾನೆ. ಅವನ ಕಂಪನಿ ಕಿಸುಮು ಕಡೆ ಮೊಬೈಲ್ ಟವರ್ ಹಾಕುತ್ತಿದೆ. ವಾರವೆಲ್ಲ ಅಲ್ಲಿ, ವಾರಾಂತ್ಯ ಇಲ್ಲಿ. ಬೇಲಿಯ ವಿಷಯ ಹೇಳಿದೆ.

"ಜಾನು, ಗೇಟಿದೆ, ಗಾರ್ಡಿದ್ದಾನೆ, ಮೇಲ್ಗಡೆ ಕರೆಂಟ್ ತಂತಿ ಇದೆ. ಚಿರತೆ ಏನು ವಿಸಿಟರ್ಸ್ ಬುಕ್ಕಲ್ಲಿ ಸೈನ್ ಮಾಡ್ಕೊಂಡು ಬರುತ್ತಾ?"

"ಮತ್ತೆ ಬ್ರೂನೋ ಎಲ್ಲಿ ಹೋಯ್ತು?"

"ನಾಯಿಗಳು ಓಡಿಹೋಗ್ತವೆ ಕಣೆ. ನೀನು ಮಲಕ್ಕೋ ಸ್ವಲ್ಪ. ಪ್ಲೀಸ್."

ಅವನು ಮಲಗಿದ. ಅವನಿಗೆ ಅದೊಂದು ವರ.

ಗಾರ್ಡಿನ ಕೈಯಲ್ಲಿರುವುದು ಒಂದು ದೊಣ್ಣೆ. "ನಾವು ಬಂದ ಹೊಸದರಲ್ಲಿ ಗೇಟ್ ಕಾಯುವವರ ಹತ್ರ ಬಿಲ್ಲು ಬಾಣ ಇರ್ತಿತ್ತು. ಕಾಂಬಾ ಜನ. ಗುರಿ ಅಂದ್ರೆ ಗುರಿ," ಎಂದು ಆಂಟಿ ನಿನ್ನೆ ಹೇಳಿದ್ದರು. ಮಾತಿಗೆ ಹೇಳಿದ್ದು. ಆದರೆ ನಾನು ಹಾಲು ಕುಡಿಸುವಾಗ ಸದ್ದು ಮುಚ್ಚಿ ನೋಡುವ ವಿಡಿಯೊಗಳಲ್ಲಿ ಒಂದು ಇದೆ. ಒಬ್ಬ ಮುದುಕ ಶೆಡ್ಡಿನಲ್ಲಿ ಕೂತು ಒಂದು ಹಲಗೆಯಿಂದ ಬಿಲ್ಲು ಮಾಡುತ್ತಾನೆ. ಮಾತಿಲ್ಲ. ಕೆರೆಯುತ್ತಾನೆ, ಬಾಗಿಸುತ್ತಾನೆ, ನೋಡುತ್ತಾನೆ, ಮತ್ತೆ ಕೆರೆಯುತ್ತಾನೆ. ನಲವತ್ತೊಂದು ನಿಮಿಷ. ಈ ತಿಂಗಳು ನನ್ನ ಎದೆ ಹೊಡೆದುಕೊಳ್ಳದೆ ಇದ್ದದ್ದು ಆ ನಲವತ್ತೊಂದು ನಿಮಿಷಗಳಲ್ಲಿ ಮಾತ್ರ.

ಹಾರ್ಡ್‌ವೇರ್ ಅಂಗಡಿಯಿಂದ ಒಂದು ಸೈಪ್ರಸ್ ಹಲಗೆ ತರಿಸಿದೆ. ಎರಡು ಡಯಪರ್ ಪ್ಯಾಕೆಟ್ಟಿಗಿಂತ ಅಗ್ಗ. ಆಶಿಷ್‌ಗೆ ದಸರಾ ಗೊಂಬೆ ಕೂರಿಸುವ ಮೆಟ್ಟಿಲಿಗೆ ಎಂದೆ. ತುಂಬ ಸಂತೋಷಪಟ್ಟ.

ಜುಲೈ 27

ಮುರಿಯಿತು. ಹಗ್ಗ ಕಟ್ಟಿ ಅರ್ಧ ಎಳೆದಿದ್ದೆ ಅಷ್ಟೆ. ಗುಂಡು ಹಾರಿದಂಥ ಸದ್ದು. ಒಂದು ಚೂರು ಹಾರಿ ತೊಟ್ಟಿಲ ಸೊಳ್ಳೆಪರದೆಗೆ ಸಿಕ್ಕಿಕೊಂಡಿತು.

ತಪ್ಪು ನನ್ನದೇ. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳಿಗೆ ಮರದ ನಾರು ಯಾವ ಕಡೆ ಓಡುತ್ತಿದೆ ಎಂದು ನೋಡಬೇಕು ಅನ್ನಿಸಲಿಲ್ಲ.

ಆಗಸ್ಟ್ 6

ನಿದ್ದೆ: ಒಂದು, ಅಥವಾ ಒಂದೂವರೆ.

ಲಂಗಾಟಾ ರಸ್ತೆಯ ಬದಿಯಲ್ಲಿ ಸೋಫಾ, ಮಂಚ ಮಾಡಿ ಮಾರುವವರ ಸಾಲಿದೆ. ಅಲ್ಲಿ ಕೊನೆಯವನು ಮುತುವಾ. ಕಾಂಬಾ ಮುದುಕ. ಕೋಕಿಯನ್ನು ಎದೆಗೆ ಕಟ್ಟಿಕೊಂಡೇ ಹೋಗಿದ್ದೆ. ಮುರಿದ ತುಂಡು ತೋರಿಸಿದೆ.

ಅವನು ಅದನ್ನು ಮೂಸಿ ನೋಡಿದ. "ಇದು ಕಪಾಟಿನ ಮರ, ಮಾಮಾ. ಕಪಾಟು ಬಾಗೋದಿಲ್ಲ."

"ಬಾಗುವ ಮರ ಕೊಡು."

"ಏನು ಹೊಡೀತೀಯ?"

"ಏನೂ ಇಲ್ಲ."

"ಏನೂ ಇಲ್ಲದ್ದನ್ನ ಹೊಡೆಯೋಕೆ ಬಿಲ್ಲು ಯಾಕೆ?" ಪಕ್ಕದ ಬಡಗಿಗಳೆಲ್ಲ ನಕ್ಕರು. ಅವನು ನಗಲಿಲ್ಲ. "ಈ ದೇಶದಲ್ಲಿ ಬೇಟೆ ಕಾನೂನಿಗೆ ವಿರುದ್ಧ, ಗೊತ್ತಲ್ಲ? ನಮ್ಮಜ್ಜ ಬೇಟೆಗಾರ. ನಾನು ಸೋಫಾ ಮಾಡ್ತೀನಿ."

ಕೊನೆಗೆ ತಗಡಿನ ಕೆಳಗಿನಿಂದ ಒಂದು ಸೀಳುಮರ ಎಳೆದು ಕೊಟ್ಟ. ಆರು ವರ್ಷ ನೆರಳಲ್ಲಿ ಒಣಗಿದ್ದಂತೆ. ತೊಗಟೆ ನೋಡಿದ ಕೂಡಲೇ ಗುರುತು ಹತ್ತಿತು: ನಮ್ಮ ಮಲೆನಾಡಿನ ತಡಸಲು ಮರದ ಕುಲದ್ದೇ. ಸಾವಿರಾರು ಮೈಲಿ ದೂರದಲ್ಲಿ ನೆಂಟರು ಸಿಕ್ಕಂತೆ ಆಯಿತು. ಹಣ ಕೊಡಹೋದರೆ, "ಮುಗಿದ ಮೇಲೆ ತೋರಿಸು, ಅದೇ ಬೆಲೆ," ಎಂದ. ಮತ್ತೆ ಮೂರು ಮಾತು ಹೇಳಿದ. ಹೆದೆ ಏರಿಸಿ ಹಾಗೇ ಬಿಡಬೇಡ. ಬಾಣವಿಲ್ಲದೆ ಹೆದೆ ಬಿಡಬೇಡ. ಬಿಡುವುದನ್ನು ಕಲಿಯುವ ಮೊದಲು, ಎಳೆದದ್ದನ್ನು ಮೆಲ್ಲಗೆ ಇಳಿಸುವುದನ್ನು ಕಲಿ.

ಆಗಸ್ಟ್ 14

ಮರದ ಒಂದೇ ಉಂಗುರವನ್ನು ಹಿಡಿದು ಬಿಲ್ಲಿನ ಬೆನ್ನು ತೆಗೆಯಬೇಕು. ಆದರೆ ಇಲ್ಲಿನ ಮರಗಳ ಉಂಗುರ ನಂಬಲಾಗುವುದಿಲ್ಲ. ವರ್ಷಕ್ಕೆ ಎರಡು ಮಳೆಗಾಲ, ಚಳಿಗಾಲವಿಲ್ಲ. ಕೆಲವು ಕಡೆ ಉಂಗುರ ಎರಡಾಗುತ್ತದೆ, ಕೆಲವು ಕಡೆ ಕರಗಿ ಹೋಗುತ್ತದೆ. ಈ ಮರಕ್ಕೆ ತನ್ನ ವಯಸ್ಸು ತನಗೇ ಗೊತ್ತಿಲ್ಲ.

ಬಿಲ್ಲಿಗೂ ಬೆನ್ನು, ಹೊಟ್ಟೆ ಎಂದು ಇದೆ. ಬೆನ್ನನ್ನು ಮುಟ್ಟಬಾರದು. ಹೊಟ್ಟೆಯನ್ನಷ್ಟೇ ಕೆರೆದು ತೆಳ್ಳಗೆ ಮಾಡಬೇಕು. ಬಾಗುವ ಕಡೆ ಕೆರೆಯಬಾರದು, ಬಾಗದೆ ಬಿಗಿದುಕೊಂಡಿರುವ ಕಡೆ ಕೆರೆಯಬೇಕು. ನನ್ನ ಸಿಸೇರಿಯನ್ ಹೊಲಿಗೆ ಬಗ್ಗಿದಾಗ ಇನ್ನೂ ಎಳೆಯುತ್ತದೆ.

ಕ್ಲಿನಿಕ್ಕಿಗೆ ಹೋಗಿ ಬಂದೆವು. ಕೋಕಿಯ ತೂಕ ಏರಿಲ್ಲವಂತೆ. ಹಾಲು ಕಡಿಮೆಯಾಗಿರಬೇಕು ಎಂದು ಡಬ್ಬಿ ಹಾಲು ಬರೆದುಕೊಟ್ಟರು. ಒಳ್ಳೆಯದೇ ಆಯಿತು, ಮ್ವೆಂಡೆ ಕುಡಿಸಬಹುದು. ನನಗೆ ಕೈ ಬಿಡುವಾಗುತ್ತದೆ. ನಿದ್ದೆಯ ಚೀಟಿ ಕೇಳಿದರು. ಮರೆತು ಬಂದೆ ಎಂದೆ.

ಆಗಸ್ಟ್ 23, ಶನಿವಾರ

ಮ್ವೆಂಡೆ ಸಣ್ಣದನ್ನು ದೊಡ್ಡದು ಮಾಡುತ್ತಾಳೆ.

ಹಿಂದಿನ ಅಂಗಳದಲ್ಲಿ ಕೆಲಸ ಮಾಡುತ್ತಿದ್ದೆ. ಕೋಕಿ ಕಣ್ಣಳತೆಯಲ್ಲಿರಲಿ ಎಂದು ಪಕ್ಕದಲ್ಲೇ ಚಾಪೆಯ ಮೇಲೆ ಮಲಗಿಸಿಕೊಂಡಿದ್ದೆ. ಬಿಲ್ಲಿನ ಬಲತೋಳು ಬಾಗದೆ ಹಟ ಹಿಡಿದಿತ್ತು. ಎಷ್ಟು ಹೊತ್ತು ಕೆರೆದೆನೋ. ಮ್ವೆಂಡೆ ಚೀರಿದ್ದು ಕೇಳಿ ತಲೆಯೆತ್ತಿದೆ. ಚಾಪೆಯ ಮೇಲೆ ಮರದ ಹೊಟ್ಟಿನ ರಾಶಿ, ರಾಶಿಯಿಂದ ಹೊರಗೆ ಒಂದು ಕಾಲು. ಮ್ವೆಂಡೆ ಕೂಸನ್ನು ಎಳೆದು ಎತ್ತಿಕೊಂಡು ಬೆರಳು ಹಾಕಿ ಬಾಯಿಂದ ಸುರುಳಿ ಸುರುಳಿ ತೆಗೆದಳು. ಕೋಕಿ ಅಳುತ್ತಲೂ ಇರಲಿಲ್ಲ. ಮೂಗು ತೆರೆದೇ ಇತ್ತು, ನಾನು ನೋಡಿದೆ. ಹೊಟ್ಟು ತುಂಬ ಹಗುರ.

"ನಾಳೆಯಿಂದ ಮಧ್ಯಾಹ್ನ ನಾನೇ ಹಿಂದಿನ ಕೋಣೇಲಿ ಮಲಗಿಸ್ತೀನಿ, ಮೇಡಂ. ಬಾಗಿಲು ಹಾಕ್ಕೊಂಡು," ಎಂದಳು. ಆಗಲಿ ಎಂದೆ.

ಬಲತೋಳು ಈಗ ಬಾಗುತ್ತಿದೆ.

ಸೆಪ್ಟೆಂಬರ್ 2

ಅದು ದಿನಾ ಮೂರು ಗಂಟೆಗೆ ಬರುತ್ತದೆ.

ಈಗ ಒಂದು ವಾರದಿಂದ ನೋಡುತ್ತಿದ್ದೇನೆ, ನೀರಿನ ಟ್ಯಾಂಕಿನ ಮರೆಯಲ್ಲಿ ಕೂತು. ಬಟ್ಟೆ ಒಣಹಾಕಿರುವ ತಂತಿಯ ಆಚೆ, ಬೇಲಿ ಅಲುಗುತ್ತದೆ. ಎರಡು ಮೂರು ಕ್ಷಣ. ಮತ್ತೆ ಐದು ಗಂಟೆಯ ಹೊತ್ತಿಗೆ ಇನ್ನೊಮ್ಮೆ. ಅದರ ಮಧ್ಯೆ ನಮ್ಮ ಮನೆ ಎಷ್ಟು ನಿಶ್ಶಬ್ದವಾಗಿರುತ್ತದೆ ಎಂದರೆ, ಒಳಗೆ ಯಾರೂ ಇಲ್ಲವೇನೋ ಅನ್ನಿಸಬೇಕು.

ಇವತ್ತು ಅದು ಹೋದ ಮೇಲೆ ಕಿಂಡಿಯ ಹತ್ತಿರ ಹೋಗಿ ಮಂಡಿಯೂರಿ ನೋಡಿದೆ. ಕೊಂಬೆಗಳು ನನ್ನ ಸೊಂಟದೆತ್ತರದಲ್ಲಿ ಬಾಗಿವೆ. ಬೆನ್ನು ಅಷ್ಟೆತ್ತರ ಇದ್ದೀತು. ಮಣ್ಣು ಒರೆಸಿದ ಹಾಗೆ ಮೆತ್ತಗಾಗಿದೆ, ಉಗುರಿನ ಗುರುತಿಲ್ಲ. ವಾಸನೆ ಇತ್ತು. ಕಾಡಿನದಲ್ಲ. ಹುಳಿಯಾದ ಹಾಲಿನದು.

ಮರಿ ಹಾಕಿದ್ದು ಇರಬೇಕು. ಮರಿ ಇದ್ದದ್ದು ಯಾವುದಕ್ಕೂ ಹೇಸುವುದಿಲ್ಲ.

ಸೆಪ್ಟೆಂಬರ್ 9

ಹೆದೆ ಹೊಸೆಯುವುದನ್ನು ಮುತುವಾ ತೋರಿಸಿಕೊಟ್ಟ. ಕಿಂಡಿಯ ಸಂಗತಿ ಅವನೊಬ್ಬನಿಗೆ ಹೇಳಿದೆ. ಸೊಂಟದೆತ್ತರ, ಮೆತ್ತಗಿನ ಹೆಜ್ಜೆ, ಮೂರು ಗಂಟೆ.

ಅವನು ಹುರಿ ಹೊಸೆಯುವುದನ್ನು ನಿಲ್ಲಿಸಿದ.

"ಚಿರತೆ ಅಲ್ಲ."

"ಕತ್ತೆಕಿರುಬ?"

"ಅದೂ ಅಲ್ಲ. ಕಾಡಿನದು ಹಸಿವಾದಾಗ ಬರುತ್ತೆ, ಗಡಿಯಾರ ನೋಡ್ಕೊಂಡು ಬರಲ್ಲ. ದಿನಾ ಒಂದೇ ಹೊತ್ತಿಗೆ ಬರೋದು ಮನೇದು, ಮಾಮಾ."

"ಮನೇದು ಅಂದ್ರೆ?"

"ನನಗೇನು ಗೊತ್ತು? ನಿನ್ನ ಮನೆ." ಆಮೇಲೆ, "ಮಗು ಎಲ್ಲಿ ಇವತ್ತು?" ಎಂದ.

"ಮನೆಯಲ್ಲಿ."

"ಹೋದ ವಾರ ಬಂದಾಗಲೂ ಮನೇಲೇ ಇತ್ತು," ಎಂದ.

ವಾಪಸು ಬರುವಾಗ ಮಟಾಟು ವ್ಯಾನಿನಲ್ಲಿ ಕೂತು ಯೋಚಿಸಿದೆ. ಮನೇದು. ಇಲ್ಲಿ ನಾವು ಬರುವ ಮೊದಲು ಯಾರಿದ್ದರೋ, ಏನಿತ್ತೋ. ನಂಬುವವಳಲ್ಲ ನಾನು. ಆದರೆ ಕೋಕಿ ಮೊದಲ ದಿನವೇ ನಕ್ಕಿದ್ದಳಲ್ಲ, ಗುರುತು ಇರುವವರಿಗೆ ನಕ್ಕ ಹಾಗೆ.

ಸೆಪ್ಟೆಂಬರ್ 13

ಲಗೇಜು ತೂಗುವ ಕೊಕ್ಕೆಗೆ ಹೆದೆ ಸಿಕ್ಕಿಸಿ ಎಳೆದೆ. ಹದಿನಾಲ್ಕು ಕಿಲೋ.

ಸೆಪ್ಟೆಂಬರ್ 17

ಹದಿನೆಂಟು. ಕೊಬ್ಬರಿ ಎಣ್ಣೆ ತಿಕ್ಕಿದೆ, ಅಮ್ಮ ಮಗುವಿಗೆಂದು ಮೈಸೂರಿಂದ ಕಳಿಸಿದ್ದು. ಮರ ಜೇನಿನ ಬಣ್ಣಕ್ಕೆ ಬಂತು. ಸಂಜೆ ಹೆದೆ ಇಳಿಸಿ, ಕೋಕಿಯ ಫ್ಲಾನೆಲ್ಲಿನಲ್ಲಿ ಸುತ್ತಿ ನನ್ನ ಪಕ್ಕ ಮಲಗಿಸಿದೆ. ತೇವ ಹತ್ತಬಾರದು.

ಕೋಕಿ ಮ್ವೆಂಡೆಯ ಹತ್ತಿರ ಮಲಗುತ್ತಾಳೆ. ಒಳ್ಳೆಯ ಹುಡುಗಿ ಮ್ವೆಂಡೆ. ಇತ್ತೀಚೆಗೆ ನನ್ನ ಮುಂದೆ ಬಾಯಿ ಬಿಡುವುದು ಕಡಿಮೆ.

ಸೆಪ್ಟೆಂಬರ್ 22, ಸೋಮವಾರ

ನವರಾತ್ರಿ ಶುರು. ಗೊಂಬೆ ಇಡಲಿಲ್ಲ. ಆಶಿಷ್ ಮೂರು ವಾರದಿಂದ ಬಂದಿಲ್ಲ. ಫೋನಿನಲ್ಲಿ "ಮೆಟ್ಟಿಲು ರೆಡಿ ಆಯ್ತಾ?" ಎಂದು ಕೇಳಿದ. ಆಗುತ್ತಿದೆ ಎಂದೆ.

ಸಿಲ್ವಿಯಾ ಆಂಟಿ ಬೆಳಗ್ಗೆ ಬಂದಿದ್ದರು. ಮುಂಬಾಗಿಲಿನಿಂದ. ಏನೋ ಹೇಳಲು ಬಂದವರು ಕೇಕಿನ ಡಬ್ಬಿ ಕೈಯಲ್ಲಿ ಹಿಡಿದು ನಿಂತೇ ಇದ್ದರು.

"ಕನ್ನಡಿ ನೋಡಿದ್ದೀಯಾ ನೀನು? ಕಣ್ಣು ಎಲ್ಲಿಗೆ ಹೋಗಿದೆ ನೋಡು. ನಾಡಿದ್ದು ನನ್ನ ಜೊತೆ ಪಾರ್ಕ್‌ಲ್ಯಾಂಡ್ಸಿಗೆ ಬಾ. ಅಲ್ಲಿ ಒಬ್ಬರು ಒಳ್ಳೆ ಡಾಕ್ಟ್ರಿದ್ದಾರೆ. ಮಾತಾಡ್ತಾರೆ, ಅಷ್ಟೆ."

"ನನಗೇನಾಗಿದೆ ಆಂಟಿ?"

"ಎಂತ ಆಗಿಲ್ಲ. ನನಗೂ ಆಗಿತ್ತು, ನನ್ನ ಮಗ ಹುಟ್ಟಿದಾಗ."

ಮಾತಾಡುತ್ತಿದ್ದಾಗ ಅವರ ಸ್ವೆಟರಿನ ಮೇಲೆ ಒಂದು ಸಣ್ಣ ಬಿಳಿ ಕಲೆ ಕಂಡಿತು, ಭುಜದ ಹತ್ತಿರ. ಕೂಸು ತೇಗಿದಾಗ ಕಕ್ಕುವ ಹಾಲಿನ ಕಲೆಯಂಥದು. ಅವರ ಮನೆಯಲ್ಲಿ ಕೂಸೆಲ್ಲಿದೆ.

ಅದು ಅವರ ಮನೆಯೊಳಗೂ ಬಂದಿರಬೇಕು. ಅವರಿಗೆ ಗೊತ್ತಿಲ್ಲ. ಹೇಳಲಿಲ್ಲ.

ಸೆಪ್ಟೆಂಬರ್ 26

ಬಾಣಗಳು ಮೂರು. ಬಟ್ಟೆ ಒಣಹಾಕುವ ಬಿದಿರು, ಅಂಗಳದಲ್ಲಿ ಬಿದ್ದ ಹದಾದಾ ಗರಿ, ತುದಿಗೆ ಕಲ್ಲಿನ ಮೇಲೆ ಮಸೆದ ಛತ್ರಿ ಕಡ್ಡಿ. ಆಲೂಗಡ್ಡೆ ಮೂಟೆಗೆ ಹೊಡೆದೆ. ಈ ಕಡೆಯಿಂದ ಹೋಗಿ ಆ ಕಡೆ ಬಂತು.

ನಿದ್ದೆ ಬೇಕು ಅನ್ನಿಸುವುದೇ ನಿಂತಿದೆ. ಬರಿಗಾಲಲ್ಲಿ ಓಡಾಡುತ್ತೇನೆ, ಸದ್ದಾಗದು. ನಿನ್ನೆ ಅಡುಗೆಮನೆಯಲ್ಲಿ ನನ್ನನ್ನು ನೋಡಿ ಮ್ವೆಂಡೆ ಪಾತ್ರೆ ಬೀಳಿಸಿದಳು. ಹಿಂದೆಯೇ ನಿಂತಿದ್ದೆ ಬಹಳ ಹೊತ್ತಿನಿಂದ, ಗೊತ್ತಾಗಿರಲಿಲ್ಲ ಅವಳಿಗೆ.

ಸೆಪ್ಟೆಂಬರ್ 30

ಕಂಡಿತು.

ಮೂರು ಗಂಟೆ ನಾಲ್ಕು ನಿಮಿಷ. ಹಕ್ಕಿಗಳು ಸುಮ್ಮನಾದವು. ತಂತಿಯ ಮೇಲಿನ ಹಾಸಿಗೆ ಬಟ್ಟೆಗಳ ಸಂದಿಯಲ್ಲಿ, ಬೇಲಿಯ ಎಲೆಗಳ ಒಳಗೆ ಅದರ ಮೈ. ಕೆಂಪು. ತಲೆ ತಗ್ಗಿಸಿ ಕಿಂಡಿಯಲ್ಲಿ ಅರ್ಧ ಹೊಕ್ಕಿತ್ತು. ಬೆನ್ನಿನ ಮೇಲೆ ಒಂದು ಗುಬುಟು. ಗೂಳಿಗೆ ಇರುವ ಹಾಗೆ ಅಲ್ಲ, ಇನ್ನೂ ಮೇಲೆ, ದುಂಡಗೆ. ಉಸಿರಾಡುತ್ತಿತ್ತು.

ಬಾಣ ಹೂಡಿ ಕೆನ್ನೆಯ ತನಕ ಎಳೆದೆ. ಹದಿನೆಂಟು ಕಿಲೋ ನನಗೆ ಹೂವಿನಷ್ಟು ಹಗುರವಾಗಿತ್ತು. ತಲೆ ಕಾಣುತ್ತಿರಲಿಲ್ಲ, ಕಾಲು ಕಾಣುತ್ತಿರಲಿಲ್ಲ. ಆ ಗುಬುಟಿಗೇ ಗುರಿಯಿಟ್ಟೆ.

ತಲೆಯ ಮೇಲೆ ಒಂದು ಹದಾದಾ ಕಿರುಚಿತು. ಕಣ್ಣು ಮಿಟುಕಿಸಿದೆ ಅಷ್ಟೆ. ಇರಲಿಲ್ಲ.

ಮುತುವಾ ಹೇಳಿದ ಹಾಗೆ ಮೆಲ್ಲಗೆ ಇಳಿಸಿದೆ. ಎಳೆಯುವುದಕ್ಕಿಂತ ಇಳಿಸುವುದು ಕಷ್ಟ, ತೋಳು ಸಂಜೆಯ ತನಕ ನಡುಗಿತು.

ನಾಳೆ ಬಿಡುವುದಿಲ್ಲ.

ಅಕ್ಟೋಬರ್ 1, ಬುಧವಾರ

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಬೆಳಗ್ಗೆ ಅಮ್ಮ ಮೈಸೂರಿನಿಂದ ವಿಡಿಯೊ ಕಾಲ್ ಮಾಡಿದಳು. "ಆಯುಧಪೂಜೆ ಅನ್ನೋ ಜ್ಞಾಪಕವಾದರೂ ಇದೆಯಾ? ಸ್ನಾನ ಆಯ್ತಾ? ಏನೇನಿದೆ ಮನೇಲಿ, ಚಾಕು, ಕತ್ತರಿ, ಗಂಡನ ಲ್ಯಾಪ್‌ಟಾಪು, ಎಲ್ಲಾ ತಂದಿಡು, ನಾನು ನೋಡ್ತಾ ಇರ್ತೀನಿ." ತಪ್ಪಿಸಿಕೊಳ್ಳಲು ಆಗಲಿಲ್ಲ. ಚಾಕು ಇಟ್ಟೆ, ಕತ್ತರಿ ಇಟ್ಟೆ, ಅರ ಇಟ್ಟೆ. ಆಮೇಲೆ, ಯಾಕೆಂದು ತಿಳಿಯದು, ಬಿಲ್ಲನ್ನೂ ತಂದಿಟ್ಟೆ. ಈ ಮನೆಯಲ್ಲಿ ನಿಜವಾದ ಆಯುಧ ಅದೊಂದೇ.

"ಅದೇನೇ ಅದು, ಕೋಲು?"

"ಪರದೆ ಕೋಲು ಅಮ್ಮ."

"ಅದಕ್ಯಾಕೆ ಪೂಜೆ? ಇರಲಿ ಬಿಡು, ಅದೂ ದುಡಿಯುತ್ತೆ. ಕುಂಕುಮ ಹಚ್ಚು. ನಾಳೆ ಬೆಳಗ್ಗೆ ತನಕ ಯಾವುದನ್ನೂ ಮುಟ್ಟಬೇಡ. ಹಣ್ಣು ಹೆಚ್ಚಬೇಕು ಅಂದ್ರೂ ಹಲ್ಲಲ್ಲಿ ಕಚ್ಕೋ."

ಅರಿಶಿನ, ಕುಂಕುಮ, ಹೆದೆಯ ಮೇಲೆ ಒಂದು ಬೋಗನ್‌ವಿಲ್ಲಾ. ಮಂಗಳಾರತಿ.

ಮೂರು ಗಂಟೆಗೆ ಹಕ್ಕಿಗಳು ಸುಮ್ಮನಾದವು.

ದೇವರ ಮುಂದೆ ಬಂದು ನಿಂತೆ. ಬಿಲ್ಲು ಇತ್ತು, ಎರಡು ಮೊಳ ದೂರದಲ್ಲಿ. ಕೈ ಚಾಚಿದೆ. ಏಳು ವರ್ಷದವಳಿದ್ದಾಗ ಪೂಜೆಗಿಟ್ಟ ಕತ್ತರಿ ಎತ್ತಿ ಗಾಳಿಪಟದ ಬಾಲ ಕತ್ತರಿಸಿದ್ದೆ. ಅಮ್ಮ ಹೊಡೆಯಲಿಲ್ಲ, ಬೈಯಲೂ ಇಲ್ಲ. ಕತ್ತರಿಗೆ ಕೈ ಮುಗಿದು ತಪ್ಪಾಯ್ತು ಅನ್ನು ಎಂದಳು. ಕತ್ತರಿಗೆ. "ಅದಕ್ಕೆ ಇವತ್ತೊಂದು ದಿನ ರಜ. ನಾಳೆಯಿಂದ ನೀನು ಹೇಳಿದ್ದನ್ನೇ ಮಾಡುತ್ತೆ." ನಾನು ಏನನ್ನೂ ನಂಬುವವಳಲ್ಲ. ಕೈ ಮುಂದೆ ಹೋಗಲಿಲ್ಲ.

ಬರಿಗೈಯಲ್ಲಿ ಹೋದೆ. ಬರಿಗೈಯಲ್ಲಿ ಹೋದರೆ ಕನಿಷ್ಠ ನೋಡಬಹುದು, ನಾಳೆ ಎಲ್ಲಿಗೆ ಹೊಡೆಯಬೇಕು ಎಂದು. ಕಿಂಡಿಯಲ್ಲಿ ನುಸುಳಿದೆ. ಮುಳ್ಳು ಬೆನ್ನು ಗೀರಿತು, ಹುಳಿಹಾಲಿನ ವಾಸನೆ ಮುಖಕ್ಕೆ ಹೊಡೆಯಿತು. ಆಚೆ ಆಂಟಿಯ ಅಂಗಳ. ಬೇಲಿಯ ನೆರಳಲ್ಲೇ, ನನಗೆ ನಾಲ್ಕು ಹೆಜ್ಜೆ ದೂರದಲ್ಲಿ, ಕೆಂಪು ಮೈ ಬೆನ್ನು ತಿರುಗಿಸಿ ನಿಂತಿತ್ತು.

ಮ್ವೆಂಡೆ. ಕೆಂಪು ಹಳದಿ ಕಾಂಗಾ. ಗಂಟು ಬಿಚ್ಚುತ್ತಿದ್ದಳು. ಬೆನ್ನಿನ ಗುಬುಟು ಕೋಕಿ.

ಅವಳು ತಿರುಗಿದಳು. ಮೊದಲು ನೋಡಿದ್ದು ನನ್ನ ಮುಖವಲ್ಲ, ಕೈಗಳನ್ನು. ಮತ್ತೆ ನನ್ನ ಹಿಂದೆ, ಬೇಲಿಯ ಕಡೆ.

"ಬಿಲ್ಲೆಲ್ಲಿ, ಮೇಡಂ?"

"ಪೂಜೆಯಲ್ಲಿದೆ," ಎಂದೆ. "ಇವತ್ತು ಮುಟ್ಟಬಾರದು."

ಅವಳು ಕುಸಿದು ಕೂತಳು. ಕೂಸನ್ನು ಎದೆಗೆ ತಂದುಕೊಂಡು ಅದರ ಸುತ್ತ ಮುದುರಿಕೊಂಡಳು, ಆಕಾಶದಿಂದ ಏನೋ ಬೀಳುತ್ತಿದ್ದರೆ ಮುದುರಿಕೊಳ್ಳುವ ಹಾಗೆ. ಆಂಟಿ ಜಗುಲಿಯಿಂದ ಇಳಿದು ಬಂದರು, ಒಂದು ಕೈಯಲ್ಲಿ ಹಾಲಿನ ಬಾಟಲಿ. ನಮ್ಮಿಬ್ಬರ ನಡುವೆ ನಿಂತರು. ಮೆಟ್ಟಿಲ ಮೇಲೆ ಚಾಪೆ, ಗಿಲಕಿ, ಕೋಕಿಯ ಟೋಪಿ. ಅಲ್ಲಿ ಒಂದು ಸಣ್ಣ ಸಂಸಾರ ನಡೆದಿತ್ತು.

"ಎಷ್ಟು ದಿನದಿಂದ?"

"ಆಗಸ್ಟಿನಿಂದ. ಮೂರರಿಂದ ಐದು. ಆಗ ನೀನು ಚಾಕು ಹಿಡ್ಕೊಂಡು ಕೂತಿರ್ತೀಯಲ್ಲ." ಆಂಟಿಯ ದನಿ ಟೀಚರ ದನಿಯೇ. "ಬೈಬೇಡ ಅವಳಿಗೆ. ನಾನು ಹೇಳಿದ್ದು. ಆಶಿಷ್‌ಗೆ ಫೋನ್ ಮಾಡಿ ಮಾಡಿ ಸಾಕಾಯ್ತು, ಇವತ್ತು ಬೆಳಗ್ಗೆ ಬೈದೆ, ಹೊರಟಿದ್ದಾನೆ. ಮಗುವಿನ ತೂಕ ಎಷ್ಟು ಹೇಳು ನೋಡುವ."

ನನಗೆ ಬಿಲ್ಲಿನ ತೂಕ ಗೊತ್ತಿತ್ತು.

"ಏಳೂಕಾಲು," ಎಂದರು ಆಂಟಿ. "ಹಲ್ಲು ಬಂದಿದೆ. ಒಂದು."

ಕೋಕಿ ನನ್ನನ್ನು ನೋಡಿದಳು, ಪಾರ್ಕಿನ ಗಾರ್ಡ್ ಹುಲ್ಲನ್ನು ನೋಡಿದ ಹಾಗೆ: ಇದಿರಬಹುದು, ಅದಿರಬಹುದು. ಆಮೇಲೆ ಮುಖ ಮ್ವೆಂಡೆಯ ಕುತ್ತಿಗೆಗೆ ಒತ್ತಿಕೊಂಡಳು.

ಕೊಡು ಎಂದು ಕೇಳಲಿಲ್ಲ. ಅಲ್ಲೇ ಹುಲ್ಲಿನ ಮೇಲೆ ಕೂತೆ. ಎಷ್ಟೋ ಹೊತ್ತಾದ ಮೇಲೆ ಮ್ವೆಂಡೆಯೇ ಹತ್ತಿರ ಸರಿದಳು, ಕೂಸನ್ನು ಬಿಡದೆ, ಅದರ ಒಂದು ಕಾಲನ್ನು ಮಾತ್ರ ನನ್ನ ಅಂಗೈ ಮೇಲಿಟ್ಟಳು. ಬೆಚ್ಚಗಿತ್ತು.

ನಿನ್ನೆಯದನ್ನು ಯಾರಿಗೂ ಹೇಳಿಲ್ಲ. ಕೆನ್ನೆಯ ತನಕ ಎಳೆದಿದ್ದು. ಇಲ್ಲಿ ಬರೆದಿದೆ, ಇಲ್ಲಿರಲಿ.

ಅಕ್ಟೋಬರ್ 2

ವಿಜಯದಶಮಿ. ಪೂಜೆ ಇಳಿಸಿ ಬಿಲ್ಲು ತೆಗೆದುಕೊಂಡು ಆಶಿಷ್ ಜೊತೆ ಮುತುವಾನ ಹತ್ತಿರ ಹೋದೆ. ಆಶಿಷ್ ಕಾರಿನಲ್ಲೇ ಕೂತಿದ್ದ, ಸ್ಟಿಯರಿಂಗ್ ಹಿಡಿದುಕೊಂಡು. ನಿನ್ನೆಯಿಂದ ಅವನು ಒಂದು ತಮಾಷೆಯನ್ನೂ ಮಾಡಿಲ್ಲ.

ಮುತುವಾ ಬಿಲ್ಲನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ಕುಂಕುಮವನ್ನು ಒರೆಸಲಿಲ್ಲ.

"ಚೆನ್ನಾಗಿ ಮಾಡಿದ್ದೀಯ. ನಮ್ಮಜ್ಜ ಇದ್ದಿದ್ರೆ ಬೈತಿರಲಿಲ್ಲ." ಆಮೇಲೆ ಕೇಳಿದ, "ಸಿಕ್ತಾ, ಆ ಪ್ರಾಣಿ?"

"ಸಿಕ್ತು."

"ಜೀವ ಇದೆಯಾ?"

"ಇದೆ."

ಅವನು ತಲೆಯಾಡಿಸಿದ. ಗರಗಸ ತೆಗೆದು ಹಿಡಿಯ ಹತ್ತಿರ ಎರಡು ತುಂಡು ಮಾಡಿದ. ಒಂದನ್ನು ಯಾವುದೋ ಸೋಫಾದ ಕಾಲಿಗೆ ಅಳತೆ ನೋಡಿ ಪಕ್ಕಕ್ಕಿಟ್ಟ.

ಪಾರ್ಕ್‌ಲ್ಯಾಂಡ್ಸಿನ ಡಾಕ್ಟರು ನಾಳೆ ಹತ್ತು ಗಂಟೆಗೆ.

ಅಕ್ಟೋಬರ್ 26, ಭಾನುವಾರ

ನಿದ್ದೆ: ಆರು ಗಂಟೆ. ಮಾತ್ರೆಯದು, ಆದರೂ ಆರು.

ಜಕರಂಡಾ ಹೂ ಬಿಟ್ಟು ರಸ್ತೆಯೆಲ್ಲ ನೇರಳೆ. ಆಶಿಷ್ ನೈರೋಬಿಗೇ ವರ್ಗ ಮಾಡಿಸಿಕೊಂಡಿದ್ದಾನೆ. ಕಿಂಡಿಗೆ ತಂತಿ ಹೆಣೆಸಿ ಮುಚ್ಚಿಸಿದ. ಮ್ವೆಂಡೆ ಮೊನ್ನೆ ಅಡುಗೆಮನೆಯಿಂದ "ಮಾಮಾ ಕೋಕಿ, ಸಕ್ಕರೆ ಮುಗೀತು" ಎಂದು ಕೂಗಿದಳು. ಸಕ್ಕರೆ ಮುಗಿದದ್ದಕ್ಕೆ ನಾನು ಅತ್ತದ್ದು ಅವಳಿಗೆ ಅರ್ಥವಾಗಲಿಲ್ಲ. ಅಥವಾ ಆಯಿತೇನೋ.

ಇವತ್ತು ಅವಳಿಗೆ ರಜೆ, ಚರ್ಚಿಗೆ ಹೋದವಳು ಸಂಜೆಗೆ ಬರುವುದು. ಸಿಲ್ವಿಯಾ ಆಂಟಿ ಮಗನ ಮನೆಗೆ ಮೊಂಬಾಸಾಕ್ಕೆ ಹೋಗಿದ್ದಾರೆ, ಅವರ ಮನೆಗೆ ಬೀಗ. ಆಶಿಷ್ ಊಟ ಮಾಡಿ ಒಳಗೆ ಮಲಗಿದ್ದ.

ಕೋಕಿಯನ್ನು ಹಿಂದಿನ ಅಂಗಳದಲ್ಲಿ ಹೆಗಲಿಗೆ ಹಾಕಿಕೊಂಡು ಓಡಾಡಿಸುತ್ತಿದ್ದೆ. ಈಗ ನನ್ನ ಹೆಗಲ ಮೇಲೂ ತೂಕಡಿಸುತ್ತಾಳೆ. ಹದಾದಾಗಳು ಕಿರುಚುತ್ತಿದ್ದವು, ಗುಬ್ಬಿಗಳು ಜಗಳವಾಡುತ್ತಿದ್ದವು. ಆಮೇಲೆ ಎಲ್ಲ ಒಟ್ಟಿಗೆ ನಿಂತವು.

ಬೇಲಿ ನನ್ನ ಬೆನ್ನ ಹಿಂದೆ ಇತ್ತು. ಕೋಕಿ ತಲೆಯೆತ್ತಿದಳು. ಭುಜದ ಮೇಲಿಂದ ನೋಡಿ ನಕ್ಕಳು, ಒಂದೇ ಹಲ್ಲು ತೋರಿಸಿ, ಗುರುತು ಇರುವವರಿಗೆ ನಕ್ಕ ಹಾಗೆ.

ನಾನು ತಿರುಗಲಿಲ್ಲ. ಎರಡೂ ಕೈ ಅವಳ ಬೆನ್ನಿಗೆ ಕೊಟ್ಟು ಬಾಗಿಲಿನ ಕಡೆ ನಡೆದೆ. ಓಡಲಿಲ್ಲ. ಹನ್ನೊಂದು ಹೆಜ್ಜೆ. ಹೊಸ್ತಿಲು ದಾಟುವಾಗ ಅವಳು ನನ್ನ ಕಿವಿಯ ಪಕ್ಕದಿಂದ ಕೈ ಚಾಚಿ ಐದೂ ಬೆರಳು ಆಡಿಸಿದಳು, ಹೋಗಿ ಬರುತ್ತೇನೆ ಎಂಬಂತೆ.

ಚಿಲಕ ಹಾಕಿದೆ. ಬಾಟಲಿ ಬೆಚ್ಚಗೆ ಮಾಡಿದೆ. ಪೂರ್ತಿ ಕುಡಿದಳು.